ಸೊಪ್ಪಿನ ಕಾಲದ ರಾಜೀನಾಮೆ

ನನ್ನ ಬಲಗೈಯ ಮೇಲೆ ಮನುಷ್ಯನ ಹಲ್ಲಿನ ಗುರುತಿದೆ. ಎಡಗೈಯ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿದೆ. ಎರಡೂ ಪೆನ್ಷನ್ನಿನ ದೆಸೆಯಿಂದ ಆದವು ಎಂದರೆ ಜನ ನಗುತ್ತಾರೆ. ನಗಲಿ. ಮರ ಸುಲಿಯುವ ಮೆಷಿನ್ನಿನ ಮುಂದೆ ಅರ್ಧ ಆಯುಷ್ಯ ನಿಂತು ಒಂದು ಉಗುರನ್ನೂ ಅದಕ್ಕೆ ಕೊಡದ ಕೈಗಳು ಇವು. ಮೆಷಿನ್ನು ಮಾಡದ್ದನ್ನು ಮನುಷ್ಯರು ಮಾಡಿದರು.

ನನ್ನ ಊರು ಪಿರಿಯಾಪಟ್ಟಣದ ಕಡೆ. ಐದನೆಯ ಕ್ಲಾಸಿಗೆ ಸ್ಕೂಲು ಬಿಟ್ಟೆ. ಆಮೇಲೆ ಹುಣಸೂರಿನ ಹೊರಗಿದ್ದ ಪ್ಲೈವುಡ್ ಫ್ಯಾಕ್ಟರಿ ಸೇರಿಕೊಂಡೆ. ಕೊಡಗಿನಿಂದ ಲಾರಿಯಲ್ಲಿ ಬರುವ ಸಿಲ್ವರ್ ಮರದ ದಿಮ್ಮಿಯನ್ನು ಮೆಷಿನ್ನಿಗೆ ಏರಿಸಿದರೆ ಅದು ಗಿರ್ರನೆ ತಿರುಗುತ್ತದೆ, ಆಳುದ್ದದ ಅಲಗು ಅದರ ಮೈಯನ್ನು ಹಾಳೆಹಾಳೆಯಾಗಿ ಸುಲಿಯುತ್ತದೆ. ಒಳಗೆ ಗಂಟು ಸಿಕ್ಕಿದರೆ ದಿಮ್ಮಿ ಹುಚ್ಚು ಕುದುರೆಯ ಹಾಗೆ ಒದೆಯುತ್ತದೆ. ಹಾಗೆ ಒದೆಸಿಕೊಂಡು ದವಡೆ ಕಳೆದುಕೊಂಡವನನ್ನು ನಾನೇ ಹೊತ್ತು ಹೊರಗೆ ಹಾಕಿದ್ದೇನೆ. ಆ ಮೆಷಿನ್ನನ್ನು ಇನ್ನೊಬ್ಬರಿಗೆ ಮುಟ್ಟಲು ಬಿಡುತ್ತಿರಲಿಲ್ಲ. ಹೊಸಬರು ಬಂದರೆ ಅವರ ಕೈ ನೋಡಿ, ‘ಈ ಕೈ ಅಲ್ಲ, ಬಾಯ್ಲರ್ ಕಡೀಕೆ ಓಗು’ ಎಂದು ಅಟ್ಟುತ್ತಿದ್ದೆ. ಬಾಯ್ಲರಿಗೆ ಚಕ್ಕೆ ತುಂಬುವುದು ಕೈಲಾಗದವರ ಕೆಲಸ ಎಂದು ನನ್ನ ಲೆಕ್ಕ.

ದಿಮ್ಮಿ ಏರಿಸುತ್ತಿದ್ದವನು ನನಗಿಂತ ಸ್ವಲ್ಪ ಹಿರಿಯ, ಕೋಟೆ ತಾಲೂಕಿನವನು, ಹಂಪಾಪುರದ ಹತ್ತಿರ. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ. ಅವನಿಗೆ ಐವತ್ತೆಂಟು ತುಂಬಿದಾಗ ಫ್ಯಾಕ್ಟರಿಯವರು ಹಾರ ಹಾಕಿ ಕಳಿಸಿದರು. ಪೆನ್ಷನ್ ಯಾವಾಗ ಶುರು ಎಂದು ಕೇಳಲು ಅವನು ಮೈಸೂರಿನ ಪಿ.ಎಫ್. ಆಫೀಸಿಗೆ ಹೋದ. ಮಾರನೆಯ ಬೆಳಿಗ್ಗೆ ಗೇಟಿನೊಳಗೆ ಬಂದ. ದಿಮ್ಮಿ ಉರುಳಿಸುವ ಕಬ್ಬಿಣದ ಕೊಕ್ಕೆಯನ್ನು ಎತ್ತಿಕೊಂಡು ಸೀದಾ ಆಫೀಸ್ ರೂಮಿಗೆ ನುಗ್ಗಿದ. ಮೊದಲು ಕಿಟಕಿ ಗಾಜು ಹೋಯಿತು. ಆಮೇಲೆ ಕಂಪ್ಯೂಟರು. ಬೇಡ ಬೇಡ ಎಂದು ಅಡ್ಡ ಬಂದ ಸೂಪರ್‌ವೈಸರ ತಲೆಗೆ ಒಂದು ಬಿತ್ತು. ಅವರು ನಿಂತಲ್ಲೇ ಕುಸಿದರು, ರಕ್ತ ಕಣ್ಣಿಗಿಳಿಯಿತು. ಇನ್ನೊಂದು ಏಟಿಗೆ ಕೊಕ್ಕೆ ಮೇಲೆ ಹೋಗಿತ್ತು. ನಾನು ಹಿಂದಿನಿಂದ ಅವನ ತೋಳನ್ನು ತಬ್ಬಿ ಹಿಡಿದೆ.

‘ಬುಡ್ಲಾ! ಬುಡೋ ನನ್ನ! ನಿನ್ನೂ ಸಿಗುದಾಕ್ಬುಡ್ತೀನಿ!’

‘ಏನಾಯ್ತಣ್ಣ, ಯೋಳು ಮೊದ್ಲು!’

‘ಪೆನ್ಷನ್ ಇಲ್ವಂತೆ ಕಣ್ಲಾ! ಈ ಎದೆ ಮ್ಯಾಲೆ ಎಷ್ಟು ದಿಮ್ಮಿ ಒತ್ತಿವ್ನಿ, ನೀನೇ ನೋಡಿದ್ದೀಯ. ನಾನು ಇಲ್ಲಿ ಕೆಲ್ಸ ಮಾಡಿರೋದು ಎಂಟೇ ವರ್ಸವಂತೆ!’

ಹೇಳುತ್ತಲೇ ನನ್ನ ಕೈಗೆ ಹಲ್ಲು ಊರಿದ. ಬಾಯಿ ತುಂಬ ಮಾಂಸ ಸಿಕ್ಕ ಹಾಗೆ ಕಚ್ಚಿ ಹಿಡಿದ. ನಾನು ಬಿಡಲಿಲ್ಲ. ಮಾಲೀಕರ ಕಡೆಯವರು ಓಡಿ ಬಂದು ಅವನನ್ನು ಅಂಗಳಕ್ಕೆ ಎಳೆದು ಕೆಡವಿಕೊಂಡರು. ಹಾರ ಹಾಕಿಸಿಕೊಂಡಿದ್ದ ಜಾಗದಲ್ಲೇ ಒದೆಸಿಕೊಂಡ. ಅವನು ಅಳಲಿಲ್ಲ. ಬಿದ್ದಲ್ಲಿಂದಲೇ ನಮ್ಮನ್ನೆಲ್ಲ ನೋಡಿ, ‘ನೀವೂ ಬುಡುಸ್ಕಂಡಿದ್ದೀರಲ್ಲ, ನಿಮಗೂ ಅದೆ ಬುಡಿ’ ಎಂದ.

ಬಿಡಿಸಿಕೊಳ್ಳುವುದು ಎಂದರೆ ನಮ್ಮ ಕಡೆಯ ಒಂದು ಪದ್ಧತಿ. ಆಷಾಢ ಕಳೆಯುವ ಹೊತ್ತಿಗೆ ಹೊಗೆಸೊಪ್ಪು ಕೊಯ್ಲಿಗೆ ಬರುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೋಟೆ, ಎಲ್ಲಿ ನೋಡಿದರೂ ಸೊಪ್ಪು ಬೇಯಿಸುವ ಬ್ಯಾರನ್‌ಗಳಿಗೆ ಬೆಂಕಿ ಬೀಳುತ್ತದೆ. ಆಗ ಬ್ಯಾರನ್ನಿಗೆ ಸೌದೆ ಒಟ್ಟಿ ಉರಿ ನೋಡಿಕೊಳ್ಳುವವನಿಗೆ ಫ್ಯಾಕ್ಟರಿಗಿಂತ ಹೆಚ್ಚು ಕೂಲಿ. ಫ್ಯಾಕ್ಟರಿಯಲ್ಲಿ ಕೆಲಸ ಬಿಟ್ಟೆ ಎಂದು ಬರೆದುಕೊಟ್ಟು, ಎರಡು ತಿಂಗಳು ಸೊಪ್ಪಿನ ಕೆಲಸಕ್ಕೆ ಹೋಗಿ, ಅಷ್ಟರಲ್ಲಿ ಪಿ.ಎಫ್. ಪೂರ್ತಿ ತೆಗೆದುಕೊಂಡು, ದಸರಾ ಆದ ಮೇಲೆ ಹೊಸಬನ ಹಾಗೆ ಅದೇ ಫ್ಯಾಕ್ಟರಿಗೆ ಬಂದು ನಿಲ್ಲುವುದು. ಮನೆಗೆ ಹೆಂಚು ಹೊದಿಸಬೇಕಾದರೆ ಬಿಡಿಸಿಕೊಂಡರು, ತಂಗಿಯ ಮದುವೆಗೆ ಬಿಡಿಸಿಕೊಂಡರು, ಹಸು ಕೊಳ್ಳಲು ಬಿಡಿಸಿಕೊಂಡರು. ಫ್ಯಾಕ್ಟರಿಯವರಿಗೂ ಅದು ಒಪ್ಪಿಗೆಯೇ, ಹಳಬರು ಮತ್ತೆ ಹೊಸಬರಾಗುತ್ತಿದ್ದರಲ್ಲ. ಪಿ.ಎಫ್. ಜೊತೆಗೆ ಪೆನ್ಷನ್ನಿನ ಸರ್ವಿಸೂ ತೊಳೆದು ಹೋಗುತ್ತದೆ ಎಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನಾನೂ ಬಿಡಿಸಿಕೊಂಡಿದ್ದೆ. ಕೊನೆಯ ಸಲ ಮಗಳ ಮದುವೆಗೆ, ಅದು ಸೊಪ್ಪಿನ ಕಾಲದಲ್ಲಲ್ಲ, ಬೇಸಿಗೆಯಲ್ಲಿ.

ಕೈಗೆ ಬಟ್ಟೆ ಸುತ್ತಿಕೊಂಡೇ ಮೈಸೂರಿಗೆ ಬಸ್ಸು ಹತ್ತಿದೆ. ಅಲ್ಲಿನ ಕೌಂಟರಿನಲ್ಲಿದ್ದ ಹೆಣ್ಣುಮಗಳು ಕಂಪ್ಯೂಟರು ನೋಡಿ ಜೋರು ದನಿಯಲ್ಲಿ ಹೇಳಿದಳು. ಹಿಂದೆ ನಿಂತವರಿಗೆಲ್ಲ ಕೇಳಿಸಿತು.

‘ನೋಡಿ ಯಜಮಾನ್ರೇ, ಪಿ.ಎಫ್. ಬೇರೆ, ಪೆನ್ಷನ್ ಬೇರೆ. ಪೆನ್ಷನ್ನಿಗೆ ಹೋಗೋದು ನಿಮ್ಮ ಮಾಲೀಕರ ಪಾಲಿಂದ. ಹತ್ತು ವರ್ಷ ಸರ್ವಿಸ್ ಆಗೋಕೆ ಮುಂಚೆ ಕೆಲಸ ಬಿಟ್ಟು ಎರಡನ್ನೂ ತಗೊಂಡ್ರೆ ಸರ್ವಿಸ್ ಸೊನ್ನೆ. ಮತ್ತೆ ಒಂದರಿಂದ ಶುರು. ಕೆಲಸ ಬಿಡದೆ ಮದುವೆಗೆ, ಮನೆಗೆ, ಕಾಯಿಲೆಗೆ ಅಡ್ವಾನ್ಸ್ ತಗೋಬಹುದಿತ್ತು. ಯಾರೂ ಹೇಳ್ಲಿಲ್ವಾ?’

‘ಇಲ್ಲ ಕಣವ್ವಾ.’

‘ಈಗ ನಿಮ್ಮದು ಒಂಬತ್ತು ವರ್ಷ ದಾಟಿದೆ. ದೀಪಾವಳಿ ಆದ್ಮೇಲೆ ನಿಮಗೆ ಐವತ್ತೆಂಟು ತುಂಬುತ್ತೆ. ಐವತ್ತೆಂಟಾದ್ಮೇಲೆ ದುಡಿದ್ರೂ ಪೆನ್ಷನ್ನಿಗೆ ಸೇರಲ್ಲ. ಅಷ್ಟರಲ್ಲಿ ಒಂಬತ್ತೂವರೆ ದಾಟಿದ್ರೆ ಹತ್ತು ಅಂತ ಹಿಡೀತೀವಿ. ಅಂಚಲ್ಲಿದ್ದೀರಿ. ಸಂಬಳ ಇಲ್ಲದ ರಜಾ ಹಾಕಿ ಹಾಳು ಮಾಡ್ಕೋಬೇಡಿ. ಸಿಕ್ಕಿದ್ರೆ ನೀವು ಇರೋತನಕ ನಿಮಗೆ, ನಿಮ್ಮ ನಂತರ ನಿಮ್ಮ ಮನೆಯವರಿಗೆ ಅರ್ಧ.’

ಆ ಕೊನೆಯ ಮಾತು ನನ್ನನ್ನು ಹಿಡಿಯಿತು. ಕಾರಣ ಇದೆ. ನಮ್ಮಜ್ಜಿ ವಿಧವೆಯಾದ ಮೇಲೆ ಅವಳ ಊಟ ಪಾಳಿಯ ಮೇಲೆ ನಡೆಯುತ್ತಿತ್ತು. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆವರೆಗೆ ದೊಡ್ಡಪ್ಪನ ಮನೆ, ಅಲ್ಲಿಂದ ಮುಂದಿನ ಅಮಾವಾಸ್ಯೆವರೆಗೆ ನಮ್ಮ ಮನೆ. ಅಮಾವಾಸ್ಯೆಯ ದಿನ ಮಾತ್ರ ಯಾರ ಪಾಳಿಗೂ ಸೇರಿರಲಿಲ್ಲ. ಒಂದು ಅಮಾವಾಸ್ಯೆ ಅಜ್ಜಿ ತಟ್ಟೆ ಹಿಡಿದು ಎರಡೂ ಮನೆಯ ನಡುವಿನ ಜಗಲಿಯ ಮೇಲೆ ಕೂತಿದ್ದಾಗ ನಮ್ಮಪ್ಪನೂ ದೊಡ್ಡಪ್ಪನೂ ಇವತ್ತು ನಿಂದು, ಅಲ್ಲ ನಿಂದು ಎಂದು ಶುರು ಮಾಡಿದರು. ಮಾತು ಕುಡುಗೋಲಿಗೆ ಹೋಯಿತು. ದೊಡ್ಡಪ್ಪನ ಹೆಬ್ಬೆರಳು ಜಗಲಿಯ ಕೆಳಗೆ ಬಿತ್ತು. ಅಜ್ಜಿ ತಟ್ಟೆಯನ್ನು ಕೆಳಗಿಡದೆ ಅದನ್ನೇ ನೋಡುತ್ತಿದ್ದಳು. ಒಂದು ಮುದ್ದೆಗೆ ಒಂದು ಬೆರಳು. ನನ್ನ ಹೆಂಡತಿ ಯಾರ ಜಗಲಿಯ ಮೇಲೂ ತಟ್ಟೆ ಹಿಡಿದು ಕೂರಕೂಡದು ಎಂದು ಮೈಸೂರಿನಿಂದ ಬರುವ ಬಸ್ಸಿನಲ್ಲೇ ತೀರ್ಮಾನ ಮಾಡಿದೆ.

ಮನೆಯಲ್ಲಿ ಮಗನಿಗೆ ಬೇರೆ ತೀರ್ಮಾನವಿತ್ತು. ಅವನು ಬೇರೆಯವರ ಲಗೇಜ್ ಗಾಡಿ ಓಡಿಸುತ್ತಿದ್ದ. ಸರಗೂರಿನಲ್ಲಿ ಒಂದು ಪಿಕಪ್ ಮಾರಾಟಕ್ಕಿತ್ತು. ಸೊಪ್ಪಿನ ಕಾಲದಲ್ಲಿ ಬ್ಯಾರನ್ನಿಗೆ ಸೌದೆ ಹೊಡೆದು, ಆಮೇಲೆ ಕಟ್ಟಿದ ಸೊಪ್ಪಿನ ಬೇಲು ಸಾಗಿಸಿದರೆ ಗಾಡಿ ತನ್ನ ಬೆಲೆಯನ್ನು ತಾನೇ ತೀರಿಸುತ್ತದೆ ಎನ್ನುತ್ತಿದ್ದ. ತಪ್ಪು ಮಾತಲ್ಲ.

‘ಈ ಸಲ ಸೊಪ್ಪಿಗೆ ಬುಡುಸ್ಕೊಂಡ್ಬುಡಪ್ಪ. ಎಂಗೂ ದೀಪಾವಳಿಗೆ ಮನೇಗೆ ಕಳಿಸ್ತರೆ. ಮೂರು ತಿಂಗಳು ಮುಂಚೆ ಬಂದ್ರೆ ಏನೋಯ್ತು?’

‘ಆ ಮೂರು ತಿಂಗಳೇ ಕಣ್ಲಾ ಪೆನ್ಷನ್ನು. ದೀಪಾವಳಿ ಆಗ್ಲಿ, ಪಿ.ಎಫ್. ಅಷ್ಟೂ ನಿನ್ ಕೈಗೆ ಕೊಡ್ತೀನಿ. ಮಾತು ಕೊಟ್ಟಿವ್ನಿ.’

‘ಸರಗೂರಿನವ್ನು ದೀಪಾವಳಿಗಂಟ ಕಾಯ್ತನಾ? ಮನೇಗೆ, ಕಾಯ್ಲೇಗೆ ಅಂತ ಸುಳ್ಳು ಬರ್ದಾದ್ರೂ ಅಡ್ವಾನ್ಸ್ ತಗೋ.’

‘ನನ್ ಸಹಿ ಸುಳ್ಳಿಗೆ ಬೀಳಕ್ಕಿಲ್ಲ.’

‘ನಿನ್ ಸಹಿ! ಐದನೇ ಕ್ಲಾಸಿನ ಸಹಿ! ಊರೆಲ್ಲ ಬುಡುಸ್ಕತದೆ, ನಿಂಗೊಬ್ಬನಿಗೆ ಏನ್ಲಾ... ಏನಪ್ಪ ದೊಡ್ರೋಗ?’

ಆ ‘ಲಾ’ ಬಾಯಿಂದ ಬಿದ್ದುಹೋಗಿತ್ತು. ಅವನು ತಿದ್ದಿಕೊಂಡ. ನಾನು ಕೇಳಿಸಿಕೊಂಡಿದ್ದೆ. ಒಳಗೆ ಗಂಟು ಸಿಕ್ಕ ದಿಮ್ಮಿ ತಿರುಗತೊಡಗಿತ್ತು.

ಶ್ರಾವಣ ಹಿಡಿದ ಮೇಲೆ ಒಂದು ಬೆಳಿಗ್ಗೆ ಗೇಟಿನ ವಾಚ್‌ಮನ್ ನನ್ನನ್ನು ತಡೆದ. ‘ಯಾಕ್ ಬಂದ್ರಿ? ನಿಮ್ ಮಗ ನಿನ್ನೆ ಬಂದಿದ್ನಲ್ಲ, ಅಪ್ಪ ನಾಳಿಂದ ಬರಲ್ಲ, ಲೆಕ್ಕ ಮುಗಿಸಿ ಅಂತ ಸೂಪರ್‌ವೈಸರಿಗೆ ಹೇಳ್ದ.’ ತಲೆಯಲ್ಲಿ ಹೊಲಿಗೆಯ ಗೆರೆ ಇದ್ದ ಸೂಪರ್‌ವೈಸರು ನನ್ನನ್ನು ಕಂಡು, ‘ನೀನೇ ಬಂದು ಹೇಳೋವರೆಗೆ ಮುಟ್ಟಲ್ಲ ಅಂತ ಸುಮ್ನಿದ್ದೆ ಕಣಯ್ಯ’ ಎಂದರು. ಅವತ್ತಿಡೀ ಮೆಷಿನ್ನಿನ ಮುಂದೆ ನಿಂತೆ. ಯಾವ ದಿಮ್ಮಿ ಏರಿಸಿದರು, ಏನು ಸುಲಿದೆ, ಒಂದೂ ನೆನಪಿಲ್ಲ.

ಸಂಜೆ ಮನೆಗೆ ಹೋದಾಗ ಮಗ ಅಂಗಳದಲ್ಲಿ ಗಾಡಿಯ ಟೈರು ಬಿಚ್ಚುತ್ತಿದ್ದ. ಅವನ ಕೊರಳಪಟ್ಟಿ ಹಿಡಿದು ಎತ್ತಿ ಕೆನ್ನೆಗೆ ಬಾರಿಸಿದೆ. ಅವನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಇನ್ನೊಂದು ಬಾರಿಸಿದೆ. ತುಟಿ ಒಡೆಯಿತು. ಮೂರನೆಯದಕ್ಕೆ ಕೈ ಎತ್ತಿದಾಗ ಅವನ ಕೈಯಲ್ಲಿ ಜಾಕ್ ತಿರುಗಿಸುವ ರಾಡಿತ್ತು. ತಲೆಗೆ ಬೀಸಿದ. ನಾನು ಎಡಗೈ ಅಡ್ಡ ಕೊಟ್ಟೆ. ಹಸಿ ಕೊಂಬೆ ಲಟಕ್ಕನೆ ಮುರಿದ ಹಾಗೆ ಸದ್ದಾಯಿತು. ಕೈ ನನ್ನದಲ್ಲದ ಹಾಗೆ ನೇತಾಡಿತು. ನಾನು ಬಲಗೈಯಲ್ಲಿ ಅವನ ಕುತ್ತಿಗೆ ಹಿಡಿದು ಗಾಡಿಯ ಬಾಗಿಲಿಗೆ ಒತ್ತಿದೆ. ಸುಳ್ಳು ಹೇಳುವುದಿಲ್ಲ, ಆ ಗಳಿಗೆಯಲ್ಲಿ ಅದು ಮಗನ ಕುತ್ತಿಗೆ ಎಂದು ನನ್ನ ಕೈಗೆ ಗೊತ್ತಿರಲಿಲ್ಲ.

ನನ್ನ ಹೆಂಡತಿ ಒಲೆಯಿಂದ ಉರಿಯುವ ಸೌದೆಯನ್ನೇ ಹಿರಿದುಕೊಂಡು ಬಂದಳು. ಮೊದಲು ಅವನ ಬೆನ್ನಿಗೆ ಹಾಕಿದಳು, ಆಮೇಲೆ ನನ್ನ ಭುಜಕ್ಕೆ. ಅಂಗಿ ಸುಟ್ಟ ವಾಸನೆ ಬಂತು. ಇಬ್ಬರೂ ಬಿಟ್ಟೆವು.

‘ಬಡ್ಕಂಡು ಸಾಯ್ರಿ ಇಬ್ರೂವೆ! ಲೇ, ನಿಮ್ಮಪ್ಪನ ಕೈ ಮುರುದ್ಯಲ್ಲೋ, ನನ್ ಮುಪ್ಪಿನ ಅನ್ನದ ಕೈ ಕಣ್ಲಾ ಅದು! ನಾಳೆ ನೀನಿಕ್ತೀಯಾ? ಇಲ್ಲಿ ನಿಮ್ ಹಟ್ಟಿ ಜಗಲಿ ಮ್ಯಾಲೆ ಕೂತ್ಕಳ್ಳಾ ನಾನು?’

ಮಗ ಟೈರನ್ನು ಅರ್ಧಕ್ಕೇ ಬಿಟ್ಟು ಹೊರಟುಹೋದ. ಹೆಂಡತಿಯನ್ನು ಕರೆದುಕೊಂಡು ಮಾವನ ಮನೆ ಸೇರಿದನೆಂದು ಆಮೇಲೆ ಗೊತ್ತಾಯಿತು. ಅದು ಚುಂಚನಕಟ್ಟೆಯ ಹತ್ತಿರ.

ಹುಣಸೂರಿನಲ್ಲಿ ಮೂಳೆ ಕಟ್ಟುವ ಸಾಹೇಬರೊಬ್ಬರಿದ್ದಾರೆ. ಅವರು ಮೊಟ್ಟೆಯ ಬಿಳಿ ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಬಿಗಿದು, ‘ಈ ಕೈಗೆ ಗಾಳಿನೂ ತಾಗಬಾರದು ನೋಡಿ’ ಎಂದರು. ‘ಹಂಗಾದ್ರೆ ನಾಳೆ ಕೆಲ್ಸಕ್ಕೆ ಟವೆಲ್ ಸುತ್ಕೊಂಡ್ ಓಯ್ತೀನಿ ಬುಡಿ’ ಎಂದೆ. ಅವರು ನನ್ನನ್ನೂ ಕೈಯನ್ನೂ ನೋಡಿ, ಇನ್ನೊಂದು ಸುತ್ತು ಬಟ್ಟೆ ಬಿಗಿದರು.

ಮೆಷಿನ್ನು ಒಂದು ಕೈಯನ್ನು ಕ್ಷಮಿಸುವುದಿಲ್ಲ. ಮಾರನೆಯ ದಿನ ಮೊದಲನೆಯ ದಿಮ್ಮಿಗೇ ಹಾಳೆ ಸುರುಳಿ ಸುತ್ತಿಕೊಂಡು ನನ್ನ ಟವೆಲನ್ನು ಎಳೆಯಿತು. ಅಲಗಿಗೆ ಒಂದು ಗೇಣು ಇರುವಾಗ ಸೂಪರ್‌ವೈಸರು ಓಡಿ ಬಂದು ಸ್ವಿಚ್ಚು ಆರಿಸಿದರು. ಟವೆಲು ಬಿಚ್ಚಿ ದಬ್ಬೆ ನೋಡಿದರು. ಕೈ ಮುರಿದವನನ್ನು ಗೇಟಿನಾಚೆ ಕಳಿಸುವುದು ಫ್ಯಾಕ್ಟರಿಯ ನಿಯಮ. ವಾಸಿಯಾಗುವವರೆಗೆ ಸಂಬಳವಿಲ್ಲ. ಸಂಬಳವಿಲ್ಲದ ತಿಂಗಳು ಸರ್ವಿಸಿಗೆ ಸೇರುವುದಿಲ್ಲ. ನನ್ನ ಅಂಚು ಅಲ್ಲಿಗೆ ಮುಗಿಯುತ್ತಿತ್ತು.

‘ಆವತ್ತು ನೀನು ಅವನ ಕೈ ಹಿಡೀದಿದ್ರೆ ಎರಡನೇ ಏಟಿಗೆ ನನ್ ಹೆಣ ಬೀಳೋದು’ ಎಂದರು ಅವರು. ‘ದೀಪಾವಳಿವರೆಗೆ ಬಾಯ್ಲರ್ ಹತ್ರ ಇರು. ಸಲಿಕೆ ಹಿಡಿಯೋಕೆ ಒಂದ್ ಕೈ ಸಾಕು.’

ಬಾಯ್ಲರ್! ಅವರ ಮುಖಕ್ಕೆ ಉಗಿದು ಹೊರಟುಬಿಡಬೇಕೆನ್ನಿಸಿತು. ನಿಜವಾಗಿ ಗೇಟಿನವರೆಗೆ ಹೋದೆ ಕೂಡ. ಅಲ್ಲಿ ಲಾರಿಯಿಂದ ದಿಮ್ಮಿ ಇಳಿಸುತ್ತಿದ್ದ ಅಣ್ಣ ಸಿಕ್ಕ. ಗೇಟಿನೊಳಗೆ ಕಾಲಿಡಬಾರದೆಂದು ಅವನಿಗೆ ಕಟ್ಟಪ್ಪಣೆಯಾಗಿತ್ತು. ಲಾರಿಯವರ ಲೆಕ್ಕದಲ್ಲಿ ಹೊರಗಡೆ ದಿಮ್ಮಿ ಇಳಿಸುವ ಕೂಲಿ ಮಾಡುತ್ತಿದ್ದ. ಅರವತ್ತರ ಹತ್ತಿರದ ಮೈ, ಎದೆ ಮೇಲೆ ದಿಮ್ಮಿ ಕೊರೆದ ಗಾಯ. ನನ್ನ ಕೈ ನೋಡಿ ಕೇಳಿದ. ಹೇಳಿದೆ. ‘ಒಳೀಕ್ ಓಗು’ ಎಂದು ಗೇಟಿನ ಕಡೆ ನೂಕಿದ. ನಾನು ಹೋಗಿ ಸಲಿಕೆ ಹಿಡಿದೆ.

ಬಾಯ್ಲರಿನ ಬಾಯಿ ತೆರೆದರೆ ಹುಬ್ಬು ಸುಡುತ್ತದೆ. ನಾನು ಅಟ್ಟಿದ್ದ ಹೊಸಬರೆಲ್ಲ ಅಲ್ಲಿಯೇ ಇದ್ದರು. ಒಬ್ಬ ನನ್ನ ಕೈಯನ್ನು ಮುಟ್ಟಿ ತಿರುಗಿಸಿ ನೋಡಿ, ‘ಈ ಕೈ ಅಲ್ಲ ಕಣಣ್ಣೋ’ ಎಂದ. ಎಲ್ಲರೂ ನಕ್ಕರು. ಸಲಿಕೆಯ ಹಿಡಿಯಿಂದ ಅವನ ಮೊಣಕಾಲಿಗೆ ಕೊಟ್ಟೆ. ಆಮೇಲೆ ನಗಲಿಲ್ಲ. ಆದರೆ ಸಂಜೆ ಅವನೇ ಕುಂಟುತ್ತ ಬಂದು ನನ್ನ ಪಾಲಿನ ಚಕ್ಕೆಯನ್ನು ಬಾಯ್ಲರಿನ ಹತ್ತಿರಕ್ಕೆ ಎಳೆದು ಹಾಕಿದ.

ಗೌರಿಹಬ್ಬದ ಸಂತೆಯ ದಿನ ಅಣ್ಣ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಮಗನನ್ನು ಕಂಡು ಹಿಡಿದು ಹೊಡೆದ. ಜನರೆದುರಿಗೆ ಕೆಡವಿಕೊಂಡು ಹೊಡೆದನಂತೆ, ಮುಂದಿನ ಒಂದು ಹಲ್ಲು ಹೋಯಿತಂತೆ. ಕೇಳಿ ನನಗೆ ಸಂತೋಷವಾಗಬೇಕಿತ್ತು. ಊಟದ ಬಿಡುವಿನಲ್ಲಿ ಗೇಟಿಗೆ ಹೋಗಿ, ಇದ್ದ ಒಂದು ಕೈಯಲ್ಲಿ ಅವನ ಕತ್ತು ಹಿಡಿದು ಲಾರಿಯ ಟೈರಿಗೆ ಒತ್ತಿದೆ.

‘ನನ್ ಮಗನ್ನ ಮುಟ್ಟಕ್ಕೆ ನೀನ್ಯಾವನ್ಲಾ?’

ಅಣ್ಣ ಎನ್ನುತ್ತಿದ್ದವನಿಗೆ ಲಾ ಎಂದಿದ್ದೆ. ಅವನು ಕೈ ಬಿಡಿಸಿಕೊಳ್ಳಲಿಲ್ಲ.

‘ನಿನ್ ಪೆನ್ಷನ್ ಮುರುದ್ರೆ ನಂದು ಎರಡ್ನೇ ಸಲ ಮುರುದಂಗೆ ಕಣ್ಲಾ’ ಎಂದ. ‘ಒತ್ತು. ಸರ್ಯಾಗ್ ಒತ್ತು. ಆದ್ರೆ ಬೆಲ್ ಆಗೋದ್ರೊಳ್ಗೆ ಒಳೀಕ್ ಓಗ್ಬುಡು, ಅರ್ಧ ದಿನ ಕಡ್ದಾಕ್ಬುಟ್ಟಾರು.’

ಬೆಲ್ ಹೊಡೆಯಿತು. ನಾನು ಓಡಿದೆ.

ದೀಪಾವಳಿಯವರೆಗೆ ಒಂದು ದಿನವೂ ತಪ್ಪಿಸಲಿಲ್ಲ. ಕೈ ಸೊಟ್ಟಗೆ ಕೂಡಿತು, ಇನ್ನೊಮ್ಮೆ ಮುರಿದು ಕಟ್ಟಬೇಕು ಎಂದರು ಸಾಹೇಬರು, ಬೇಡ ಎಂದೆ. ಐವತ್ತೆಂಟು ತುಂಬಿದ ದಿನ ಹಾರ ತಂದರು. ಕೊರಳಿಗೆ ಹಾಕಿಸಿಕೊಳ್ಳಲಿಲ್ಲ, ಕೈಯಲ್ಲಿ ಇಸಿದುಕೊಂಡು ಗೇಟಿನಾಚೆ ತಂದೆ. ಅಣ್ಣನ ಕೊರಳಿಗೆ ಹಾಕೋಣವೆಂದು ಹೋದರೆ, ‘ಮುಚ್ಕಂಡ್ ಓಗ್ಲಾ, ಹೆಣಕ್ಕಾಕ್ದಂಗೆ ಆಕ್ತನೆ’ ಎಂದು ಬೈದ. ಲಾರಿಯ ಮುಂದಿನ ಕನ್ನಡಿಗೆ ಸಿಕ್ಕಿಸಿ ಬಂದೆ.

ಪಿ.ಎಫ್. ಬಂತು. ಮಾತು ಕೊಟ್ಟಿದ್ದೆ. ಚುಂಚನಕಟ್ಟೆಗೆ ಹೋಗಿ ಮಗನ ಮಾವನ ಜಗಲಿಯ ಮೇಲೆ ದುಡ್ಡಿಟ್ಟು, ನೀರೂ ಕುಡಿಯದೆ ಕೆ.ಆರ್. ನಗರದ ಬಸ್ಸು ಹತ್ತಿದೆ. ಪೆನ್ಷನ್ನೂ ಬಂತು. ಎರಡು ಸಾವಿರ ಚಿಲ್ಲರೆ. ದೊಡ್ಡದಲ್ಲ. ಬ್ಯಾಂಕಿನಲ್ಲಿ ನನ್ನ ಹೆಂಡತಿ ಆ ದುಡ್ಡನ್ನು ಮುಟ್ಟದೆ, ‘ಅರ್ಧ ಅಂದ್ರೆ ಎಷ್ಟಾಯ್ತದೆ?’ ಎಂದು ಮಾತ್ರ ಕೇಳಿದಳು. ಹೇಳಿದೆ. ‘ಮುದ್ದೆಗಾಯ್ತು’ ಎಂದಳು.

ವರ್ಷಕ್ಕೊಮ್ಮೆ ನಾನು ಬದುಕಿದ್ದೇನೆ ಎಂದು ಪೆನ್ಷನ್ ಆಫೀಸಿಗೆ ತೋರಿಸಬೇಕು. ಹೆಬ್ಬೆಟ್ಟು ಒತ್ತಿದರೆ ಸಾಕು ಎನ್ನುತ್ತಾರೆ. ಅಂಟು, ಮರದ ಸಿಬಿರು, ಬಾಯ್ಲರಿನ ಬಿಸಿ ಎಲ್ಲ ಸೇರಿ ನನ್ನ ಬೆರಳುಗಳ ಗೆರೆ ಅಳಿಸಿಬಿಟ್ಟಿವೆ. ಮೊದಲ ವರ್ಷ ಹುಣಸೂರಿನ ಸೈಬರ್ ಅಂಗಡಿಯಲ್ಲಿ ಹತ್ತೂ ಬೆರಳು ಒತ್ತಿದೆ. ಮೆಷಿನ್ನು ಒಪ್ಪಲಿಲ್ಲ. ಮುಖ ತೋರಿಸಿದರೂ ಆಗುತ್ತದೆ, ಮನೆಯಲ್ಲಿ ಒಳ್ಳೆಯ ಮೊಬೈಲ್ ಇರುವವರಿಂದ ಮಾಡಿಸಿ ಎಂದರು ಅಂಗಡಿಯವರು.

ಮನೆಗೆ ಬಂದು ಎರಡು ದಿನ ಕೂತೆ. ಮೂರನೆಯ ದಿನ ಅಂಗಳಕ್ಕೆ ಹಳೆಯ ಪಿಕಪ್ ಒಂದು ಬಂದು ನಿಂತಿತು. ಮಗನಿಗೆ ಅವರವ್ವ ಫೋನು ಮಾಡಿದ್ದಳು. ಮಗ ಇಳಿದ. ಮುಂದಿನ ಹಲ್ಲಿನ ಜಾಗ ಖಾಲಿ. ನಾನು ಜಗಲಿಯಿಂದ ಏಳಲಿಲ್ಲ, ಅವನು ಕೂರಲಿಲ್ಲ. ಮೊಬೈಲನ್ನು ನನ್ನ ಮುಖದೆದುರಿಗೆ ಹಿಡಿದ. ರಾಡು ಹಿಡಿದಿದ್ದ ಕೈಯೇ. ನಾನು ಅವನನ್ನು ದುರುಗುಟ್ಟಿ ನೋಡಿದೆ.

‘ಅಂಗ್ ನೋಡಿದ್ರೆ ತಗಳಲ್ಲ ಅದು’ ಎಂದ. ‘ಕಣ್ಣು ಮುಚ್ಚಿ ತಗೀಬೇಕಂತೆ.’

ನಾನು ಮುಚ್ಚಲಿಲ್ಲ. ಅವನು ಕೈ ಇಳಿಸಲಿಲ್ಲ. ಮೊಬೈಲಿನ ಬೆಳಕು ಆರಿದರೆ ಒತ್ತಿ ಹೊತ್ತಿಸಿ ಮತ್ತೆ ಹಿಡಿದ.

ಒಳಗಿನಿಂದ ನನ್ನ ಹೆಂಡತಿ, ‘ಆಯ್ತಾ?’ ಎಂದು ಕೇಳಿದಳು.

ಕಣ್ಣು ಮುಚ್ಚಿ ತೆಗೆದೆ.